ಮಳೆಗೆ ಮುನ್ನ ಒಂದು ಸೂಜಿ: ಫ್ಲೂ ಜ್ವರ, ಲಸಿಕೆ ಮತ್ತು ನಮ್ಮ ದಾದಿಯರು

ಮೇ ತಿಂಗಳ ಕೊನೆಯ ವಾರ ಬಂತೆಂದರೆ ಅಡಿಕೆ ಬೆಳೆಗಾರರ ಮನೆಗಳಲ್ಲಿ ಮೈಲುತುತ್ತ, ಸುಣ್ಣ, ಪಂಪು ಮತ್ತು ಕೊನೆಗೌಡ, ಈ ನಾಲ್ಕರ ಮಾತಲ್ಲದೆ ಬೇರೆ ಮಾತಿರುವುದಿಲ್ಲ. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮಳೆ ಹಿಡಿಯುವ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಕಾಫಿಯವರಿಗೂ ಅದೇ ಹೊತ್ತಿನಲ್ಲಿ ಎಲೆತುಕ್ಕಿನ ಚಿಂತೆ. ಕೊನೆಯಲ್ಲಿ ಕೊಳೆ ಕಾಣಿಸಿಕೊಂಡ ಮೇಲೆ ಔಷಧಿ ಹೊಡೆಯುವವನನ್ನು ನೆರೆಯವರು ಬುದ್ಧಿವಂತನೆಂದು ಕರೆಯುವುದಿಲ್ಲ. ಮದ್ದು ರೋಗಕ್ಕಿಂತ ಮುಂಚೆ ಕೊನೆಯ ಮೇಲೆ ಇರಬೇಕು. ಈ ಸಂಗತಿಯನ್ನು ನಮಗೆ ಯಾರೂ ಕಲಿಸಿಕೊಡಬೇಕಾದುದಿಲ್ಲ.

ಅದೇ ಮಳೆಗಾಲ ಮನುಷ್ಯರಿಗೂ ಒಂದು ರೋಗವನ್ನು ತರುತ್ತದೆ. ಅದಕ್ಕೂ ಮಳೆಗೆ ಮುಂಚೆ ಹಾಕಬೇಕಾದ ಮದ್ದೊಂದಿದೆ. ಆದರೆ ಆ ಮಾತು ನಮ್ಮ ಜಗುಲಿಗಳಲ್ಲಿ ಬರುವುದು ಅಪರೂಪ. ತೋಟಕ್ಕೆ ಬೋರ್ಡೋ ದ್ರಾವಣ, ಕೊಟ್ಟಿಗೆಯ ದನಕ್ಕೆ ಕಾಲುಬಾಯಿ ಜ್ವರದ ಲಸಿಕೆ ತಪ್ಪದೆ ಹಾಕಿಸುವ ಮನೆಗಳಲ್ಲಿ, ಸಕ್ಕರೆ ಕಾಯಿಲೆಯಿರುವ ಎಪ್ಪತ್ತು ವರ್ಷದ ಯಜಮಾನರಿಗೆ ಫ್ಲೂ ಲಸಿಕೆ ಹಾಕಿಸಿದವರೆಷ್ಟು ಮಂದಿ ಎಂದು ಎಣಿಸಿದರೆ ಕೈಬೆರಳು ಸಾಕಾದೀತು.

ಫ್ಲೂ ಎಂದರೆ ಇನ್‌ಫ್ಲುಯೆಂಜಾ. ಇದನ್ನು ಬರೀ ನೆಗಡಿಯೆಂದು ತಿಳಿಯಬಾರದು. ನೆಗಡಿ ಮೂಗಿನಲ್ಲಿ ಹುಟ್ಟಿ ಮೂಗಿನಲ್ಲೇ ಮುಗಿಯುತ್ತದೆ. ಫ್ಲೂ ಹಾಗಲ್ಲ. ಬೆಳಿಗ್ಗೆ ತೋಟಕ್ಕೆ ಹೋದವನು ಮಧ್ಯಾಹ್ನದೊಳಗೆ ಮೈಕೈ ನೋವು, ಚಳಿ, ಸುಡುವ ಜ್ವರ, ಒಣಕೆಮ್ಮು ಹೊತ್ತುಕೊಂಡು ಬಂದು ಮಲಗುತ್ತಾನೆ. ಗಟ್ಟಿ ಆಳಾದರೆ ಒಂದು ವಾರಕ್ಕೆ ಎದ್ದಾನು. ವಯಸ್ಸಾದವರು, ಗರ್ಭಿಣಿಯರು, ಐದು ವರ್ಷದೊಳಗಿನ ಮಕ್ಕಳು, ಉಬ್ಬಸದವರು, ಸಕ್ಕರೆ, ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯಿರುವವರು, ಇವರಲ್ಲಿ ಅದು ಎದೆಗೆ ಇಳಿದು ನ್ಯುಮೋನಿಯಾ ಆಗುವುದುಂಟು. ಇನ್ನೊಂದು ಸಂಗತಿ ಬಹಳ ಜನಕ್ಕೆ ತಿಳಿಯದು. ಕೆನಡಾ ದೇಶದ ಒಂಟಾರಿಯೋ ಪ್ರಾಂತದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಫ್ಲೂ ಖಚಿತವಾದ ಮೊದಲ ಏಳು ದಿನಗಳಲ್ಲಿ ಹೃದಯಾಘಾತವಾಗುವ ಸಂಭವ ಬೇರೆ ದಿನಗಳಿಗಿಂತ ಆರು ಪಟ್ಟು ಹೆಚ್ಚು. ಜ್ವರ ಬಿಟ್ಟ ಮೇಲೆ ಅಜ್ಜ ಎದೆ ಹಿಡಿದುಕೊಂಡು ತೀರಿಹೋದರೆಂದು ನಾವು ಹೇಳುವ ಕೆಲವು ಸಾವುಗಳ ಹಿಂದೆ ಈ ಜ್ವರವೇ ಇದ್ದಿರಬಹುದು.

ನೆಲಮಂಗಲದ ದಾರಿ

ಬೆಂಗಳೂರಿನ ಉತ್ತರಕ್ಕೆ ತುಮಕೂರು ರಸ್ತೆಯಲ್ಲಿರುವ ಮಾಕಳಿಯನ್ನು ನಮ್ಮ ಬೆಳೆಗಾರರೆಲ್ಲ ಬಲ್ಲರು, ಹೆಸರು ಗೊತ್ತಿಲ್ಲದಿದ್ದರೂ ದಾಟಿ ಬಲ್ಲರು. ಹಾಸನ, ಮೂಡಿಗೆರೆ, ಮಂಗಳೂರಿನ ಕಡೆಯಿಂದ ಬರುವ ದಾರಿ ಮತ್ತು ಶಿವಮೊಗ್ಗ, ತುಮಕೂರಿನ ಕಡೆಯಿಂದ ಬರುವ ದಾರಿ ನೆಲಮಂಗಲದಲ್ಲಿ ಕೂಡುತ್ತವೆ. ಅಲ್ಲಿಂದ ಬೆಂಗಳೂರಿನತ್ತ ಹೊರಟರೆ ಮಾಕಳಿ, ಪೀಣ್ಯ, ಯಶವಂತಪುರ. ಕಾಫಿ ಮೂಟೆಯ ಲಾರಿಯೂ ಅಡಿಕೆ ಚೀಲದ ಲಾರಿಯೂ ಇದೇ ದಾರಿಯಲ್ಲಿ ರಾಜಧಾನಿ ಸೇರಬೇಕು. ಈ ದಾರಿಯ ಎರಡು ಬದಿಯ ಕಾರ್ಖಾನೆ ಕಛೇರಿಗಳಲ್ಲಿ ದುಡಿಯುವವರಲ್ಲಿ ಮಲೆನಾಡಿನ ತೋಟದ ಮನೆಗಳಿಂದ ಹೋದ ಮಕ್ಕಳು ಎಷ್ಟೋ ಮಂದಿ. ಬಾಡಿಗೆ ಕೋಣೆಯೊಂದರಲ್ಲಿ ಮೂರು ನಾಲ್ಕು ಜನ ಒಟ್ಟಿಗಿರುತ್ತಾರೆ, ತುಂಬಿದ ಬಸ್ಸಿನಲ್ಲಿ ಓಡಾಡುತ್ತಾರೆ, ಹಬ್ಬಕ್ಕೆ ರಾತ್ರಿ ಬಸ್ಸು ಹಿಡಿದು ಊರಿಗೆ ಬರುತ್ತಾರೆ.

ಫ್ಲೂ ವೈರಾಣುವಿಗೆ ಇದಕ್ಕಿಂತ ಅನುಕೂಲವಾದ ಏರ್ಪಾಡು ಬೇಕಿಲ್ಲ. ಸೋಂಕು ತಗಲಿದ ಒಂದರಿಂದ ನಾಲ್ಕು ದಿನದೊಳಗೆ ಜ್ವರ ಬರುತ್ತದೆ. ಆದರೆ ಜ್ವರ ಕಾಣಿಸುವ ಒಂದು ದಿನ ಮುಂಚೆಯೇ ಆ ಮನುಷ್ಯ ರೋಗ ಹರಡತೊಡಗಿರುತ್ತಾನೆ. ಆದುದರಿಂದ ಆರೋಗ್ಯವಾಗಿಯೇ ಬಸ್ಸು ಹತ್ತಿದ ಮಗ, ಬೆಳಗಾಗುವ ಹೊತ್ತಿಗೆ ತನಗರಿವಿಲ್ಲದೆ ಅಜ್ಜಿಗೆ ಜ್ವರ ತಂದಿರುತ್ತಾನೆ. ಇದರಲ್ಲಿ ಅವನ ತಪ್ಪೇನೂ ಇಲ್ಲ. ನಮ್ಮ ಊರು ದೂರ, ಮನೆ ತೋಟದ ನಡುವೆ ಒಂಟಿಯಾಗಿದೆ, ಪೇಟೆಯ ಕಾಯಿಲೆ ನಮಗೆ ಬಾರದೆಂಬ ನಂಬಿಕೆ ಮಾತ್ರ ಈ ಕಾಲಕ್ಕೆ ಸಲ್ಲದು.

ಹಿಂದಿನ ಕಾಲಕ್ಕೂ ಅದು ಸಂದಿರಲಿಲ್ಲ. 1918ರ ಬೇಸಗೆಯಲ್ಲಿ ಮುಂಬಯಿ ಬಂದರಿಗೆ ಇಳಿದ ಇನ್‌ಫ್ಲುಯೆಂಜಾ ರೈಲು ಹಿಡಿದು ದೇಶದ ಒಳಗೆಲ್ಲ ಹಬ್ಬಿತು. ಆ ವರ್ಷದ ಕೊನೆಯ ತಿಂಗಳುಗಳಲ್ಲಿ ಬಂದ ಎರಡನೆಯ ಅಲೆ ಭೀಕರವಾಗಿತ್ತು. ಭಾರತದಲ್ಲಿ ಸತ್ತವರು ಒಂದು ಕೋಟಿಗೂ ಮೇಲೆಂದು ಅಂದಾಜು. ಮೈಸೂರು ಸಂಸ್ಥಾನವೂ ತಪ್ಪಿಸಿಕೊಳ್ಳಲಿಲ್ಲ. 1957ರ ಮೇ ತಿಂಗಳಲ್ಲಿ ಏಷಿಯಾದ ಫ್ಲೂ ಸಿಂಗಪುರದ ಕಡೆಯಿಂದ ಬಂದ ಹಡಗಿನ ಮೂಲಕ ಮದರಾಸಿಗೆ ಇಳಿಯಿತು. 2009ರಲ್ಲಿ ಹಂದಿಜ್ವರವೆಂಬ ಹೆಸರಿನಲ್ಲಿ ಎಚ್1ಎನ್1 ಬಂದಾಗ ಬೆಂಗಳೂರಿನಲ್ಲಿ ಮುಖಗವಸಿಗೆ ಜನ ಮುಗಿಬಿದ್ದರು. (ಹಂದಿ ತಿಂದವರಿಗೆ ಬರುವ ರೋಗವಿದೆಂದು ತಿಳಿದು ನಿಶ್ಚಿಂತರಾಗಿದ್ದವರೂ ಉಂಟು.) ಜೂನ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಜಗದ್ವ್ಯಾಪಿ ರೋಗವೆಂದು ಸಾರಿತು. ಆ ವೈರಾಣು ಈಗ ಊರ ಫ್ಲೂ ಆಗಿ ಉಳಿದುಕೊಂಡಿದೆ. 2015ರಲ್ಲಿ ಮತ್ತೆ ಉಲ್ಬಣಿಸಿ ದೇಶದಲ್ಲಿ ಸುಮಾರು 3,000 ಜನರನ್ನು ಬಲಿ ತೆಗೆದುಕೊಂಡಿತು. 2023ರ ಮಾರ್ಚಿಯಲ್ಲಿ ಎಚ್3ಎನ್2 ಬಗೆಯ ಫ್ಲೂ ದೇಶದಲ್ಲೆಲ್ಲ ಸುದ್ದಿಯಾದಾಗ, ಅದರಿಂದಾದ ಮೊದಲ ಸಾವುಗಳಲ್ಲಿ ಒಂದೆಂದು ಸರಕಾರ ಹೇಳಿದ್ದು ಮಹಾನಗರದ ಸಾವನ್ನಲ್ಲ. ನಮ್ಮ ಹಾಸನ ಜಿಲ್ಲೆಯ ಹಿರಿಯರೊಬ್ಬರ ಸಾವನ್ನು.

ಪ್ರತಿ ವರ್ಷ ಏಕೆ?

ಲಸಿಕೆಯ ಮಾತೆತ್ತಿದರೆ ಜಗುಲಿಯಲ್ಲಿ ಮೊದಲು ಬರುವ ಆಕ್ಷೇಪ ಇದೇ. ದಾದಿಗೂ ಯಜಮಾನರಿಗೂ ನಡೆಯುವ ಸಂವಾದ ಸಾಮಾನ್ಯವಾಗಿ ಹೀಗಿರುತ್ತದೆ:

"ಹೋದ ವರ್ಷ ಹಾಕಿಸ್ಕೊಂಡಾಯ್ತಲ್ಲ ನರ್ಸಮ್ಮ, ಮತ್ತೆ ಯಾಕೆ?"

"ಹೋದ ವರ್ಷ ಹೊಡೆದ ಬೋರ್ಡೋ ಈ ವರ್ಷದ ಕೊನೆಗೆ ಆಗುತ್ತೇನ್ರೀ ಗೌಡ್ರೇ?"

ಉತ್ತರ ಸರಿಯಾಗಿದೆ. ಫ್ಲೂ ವೈರಾಣು ವರ್ಷವರ್ಷವೂ ತನ್ನ ಮೇಲ್ಮೈಯನ್ನು ಅಷ್ಟಿಷ್ಟು ಬದಲಿಸಿಕೊಳ್ಳುತ್ತಲೇ ಇರುತ್ತದೆ. ಹೋದ ವರ್ಷ ಅದನ್ನು ಗುರುತಿಸಿ ಹೊಡೆದಟ್ಟಿದ ದೇಹ ಈ ವರ್ಷ ಗುರುತು ಹಿಡಿಯಲಾರದು. ಇದರ ಜೊತೆಗೆ ಲಸಿಕೆಯಿಂದ ಬಂದ ಬಲವೂ ಆರು ತಿಂಗಳಿಂದ ಒಂದು ವರ್ಷದೊಳಗೆ ಇಳಿಯುತ್ತದೆ. ಹೀಗಾಗಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ವರ್ಷಕ್ಕೆ ಎರಡು ಸಲ ಸೇರುತ್ತಾರೆ. ಫೆಬ್ರವರಿಯಲ್ಲಿ ಭೂಮಿಯ ಉತ್ತರಾರ್ಧದ ಲಸಿಕೆಗೆ, ಸೆಪ್ಟೆಂಬರಿನಲ್ಲಿ ದಕ್ಷಿಣಾರ್ಧದ ಲಸಿಕೆಗೆ ಯಾವ ಯಾವ ತಳಿಗಳನ್ನು ಸೇರಿಸಬೇಕೆಂದು ತೀರ್ಮಾನಿಸುತ್ತಾರೆ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಂಥ ಪ್ರಯೋಗಶಾಲೆಗಳು ಕಳಿಸುವ ಮಾಹಿತಿಯೇ ಇದಕ್ಕೆ ಆಧಾರ. ನಮ್ಮಲ್ಲಿ ಎಸ್. 795, ಚಂದ್ರಗಿರಿ ಎಂದು ಕಾಫಿ ತಳಿಗಳಿಗೆ ಹೆಸರಿರುವಂತೆ, ಆ ತಳಿಗಳಿಗೂ ಕ್ಯಾಲಿಫೋರ್ನಿಯಾ, ವಿಕ್ಟೋರಿಯಾ, ಹಾಂಗ್‌ಕಾಂಗ್ ಎಂದು ಸಿಕ್ಕಿದ ಊರಿನ ಹೆಸರಿಡುತ್ತಾರೆ.

ಇಲ್ಲಿ ನಮ್ಮ ಕಡೆಯವರು ಗಮನಿಸಬೇಕಾದ ವಿಚಾರವಿದೆ. ನಾವು ಭೂಪಟದಲ್ಲಿ ಉತ್ತರಾರ್ಧಗೋಳದವರು. ಆದರೆ ನಮ್ಮ ಫ್ಲೂ ಅಮೆರಿಕ, ಯುರೋಪಿನವರಂತೆ ಬರೀ ಚಳಿಗಾಲದ್ದಲ್ಲ. ದಕ್ಷಿಣ ಭಾರತದಲ್ಲಿ ಅದರ ಮುಖ್ಯ ಕಾಲ ಮುಂಗಾರು ಮಳೆ, ಜೂನಿನಿಂದ ಸೆಪ್ಟೆಂಬರಿನವರೆಗೆ. ಜನವರಿಯಿಂದ ಮಾರ್ಚಿವರೆಗೆ ಇನ್ನೊಂದು ಸಣ್ಣ ಏರು. ಆದುದರಿಂದ ನಮಗೆ ಹೊಂದುವುದು ಏಪ್ರಿಲ್, ಮೇ ತಿಂಗಳಲ್ಲಿ, ದಕ್ಷಿಣಾರ್ಧಗೋಳಕ್ಕೆಂದು ಆ ವರ್ಷ ತಯಾರಾದ ಲಸಿಕೆ. ಸೂಜಿ ಹಾಕಿಸಿಕೊಂಡ ಸುಮಾರು ಎರಡು ವಾರಕ್ಕೆ ದೇಹದಲ್ಲಿ ಬಲ ಕೂಡುವುದರಿಂದ, ಮೇ ಮಧ್ಯದೊಳಗೆ ಕೆಲಸ ಮುಗಿದಿದ್ದರೆ ಮಿಥುನ ಮಾಸದ ಮಳೆಗೆ ಮನೆ ಸಿದ್ಧವಾದಂತೆ. ಡಬ್ಬಿಯ ಮೇಲೆ ಯಾವ ವರ್ಷದ್ದು, ಯಾವ ಅರ್ಧಗೋಳದ್ದು ಎಂದು ಮುದ್ರಿಸಿರುತ್ತಾರೆ. ಅದನ್ನು ಓದಿಯೇ ದುಡ್ಡು ಕೊಡಬೇಕು. ಹಳೆಯ ಸರಕನ್ನು ರಿಯಾಯಿತಿಯಲ್ಲಿ ಕೊಂಡರೆ ಹೋದ ವರ್ಷದ ಮೈಲುತುತ್ತದ ನೀರನ್ನು ಈ ವರ್ಷ ಹೊಡೆದಂತೆ.

ಈ ಹೋಲಿಕೆ ಒಂದು ಕಡೆ ನಿಲ್ಲುತ್ತದೆ, ಅದನ್ನೂ ಹೇಳಿಬಿಡಬೇಕು. ಚೆನ್ನಾಗಿ ಹೊಡೆದ ಬೋರ್ಡೋ ಮೇಲೆ ನಮಗಿರುವಷ್ಟು ಭರವಸೆಯನ್ನು ಫ್ಲೂ ಲಸಿಕೆಯ ಮೇಲೆ ಇಡಲಾಗದು. ತಳಿಗಳು ಚೆನ್ನಾಗಿ ಹೊಂದಿಕೊಂಡ ವರ್ಷದಲ್ಲಿ ಅದು ಆಸ್ಪತ್ರೆಗೆ ಹೋಗಬೇಕಾಗುವಂಥ ಕಾಯಿಲೆಯನ್ನು ನೂರಕ್ಕೆ ನಲವತ್ತರಿಂದ ಅರವತ್ತರಷ್ಟು ತಗ್ಗಿಸುತ್ತದೆ. ಹೊಂದದ ವರ್ಷದಲ್ಲಿ ಇನ್ನೂ ಕಡಿಮೆ. ಲಸಿಕೆ ಹಾಕಿಸಿಕೊಂಡೂ ಫ್ಲೂ ಬಂದವರು ಇರುತ್ತಾರೆ. ಬಂದರೂ ಸಾಮಾನ್ಯವಾಗಿ ಹಗುರವಾಗಿ ಬರುತ್ತದೆ. ನೂರಕ್ಕೆ ನೂರು ಎಂದು ಹೇಳಿ ಮಾರುವವನನ್ನು ನಂಬಬೇಡಿ. ನೂರಕ್ಕೆ ಐವತ್ತು ಏನು ಮಹಾ ಎನ್ನುವವರಿಗೆ ಒಂದು ಮಾತು: ಕೊಳೆಯಿಂದ ಅರ್ಧ ಫಸಲು ಉಳಿಯುವುದಾದರೆ ನೀವು ಔಷಧಿ ಹೊಡೆಸದೆ ಇರುವಿರಾ?

ಸೂಜಿಯಿಂದಲೇ ಫ್ಲೂ ಬಂತೆಂಬ ದೂರು ಕೂಡ ಇದೆ. ತೋಳಿಗೆ ಹಾಕುವ ಲಸಿಕೆಯಲ್ಲಿರುವುದು ಸತ್ತ ವೈರಾಣು, ಅಥವಾ ಅದರ ತುಂಡುಗಳು. ಅದರಿಂದ ಫ್ಲೂ ಬರಲಾರದು. ಹಾಕಿದ ಕಡೆ ನೋವು, ಒಂದೆರಡು ದಿನ ಮೈ ಬೆಚ್ಚಗಾಗುವುದು, ಆಯಾಸ, ಇಷ್ಟು ಬರುವುದುಂಟು. ಎರಡು ವಾರ ತುಂಬುವ ಮೊದಲೇ ಬೇರೆಯವರಿಂದ ಸೋಂಕು ತಗಲಿದರೆ ದೂರು ಸೂಜಿಯ ತಲೆಗೆ ಕಟ್ಟುತ್ತದೆ.

ಹೆಬ್ಬಾಳದ ಎರಡು ಪಾಠ

ಮಾಕಳಿಯಿಂದ ಬಹಳ ದೂರವಿಲ್ಲದ ಹೆಬ್ಬಾಳಕ್ಕೂ ನಮ್ಮ ತೋಟಗಳಿಗೂ ಹಳೆಯ ನಂಟು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅವರು 1910ರ ಸುಮಾರಿಗೆ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣವನ್ನು ತೋಟಗಳಿಗೆ ತಂದರು. ಅದಕ್ಕೆ ಮುಂಚೆ ನಮ್ಮ ಹಿರಿಯರಿಗೆ ಗೊತ್ತಿದ್ದುದು ಕರಡದ ಕೊಟ್ಟೆ ಕಟ್ಟಿ ಕೊನೆ ಕಾಯುವುದೊಂದೇ. ಹೆಬ್ಬಾಳದ ಕೃಷಿ ಶಾಲೆ ಬೆಳೆದದ್ದು ಅವರ ಕಾಲದಲ್ಲಿ. 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಆರಂಭವಾದದ್ದೂ ಅವರ ಕಾಲದಲ್ಲೇ. ಮುಂಜಾಗ್ರತೆಯ ಮದ್ದೆಂಬ ವಿಚಾರವನ್ನು ಮಲೆನಾಡಿನ ತೋಟಕ್ಕೆ ತಂದ ಮೊದಲ ಪಾಠ ಅದು.

ಎರಡನೆಯ ಪಾಠ ಮಂಗನ ಕಾಯಿಲೆಯದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಬೆನ್ನಿಗೇ ಜನ ಜ್ವರದಿಂದ ಬಿದ್ದರು. ಏಷಿಯಾದ ಫ್ಲೂ ಮದರಾಸಿಗೆ ಇಳಿದದ್ದೂ ಅದೇ ವರ್ಷವೆಂಬುದು ಕಾಕತಾಳೀಯ. ಪುಣೆಯ ವೈರಾಣು ಸಂಶೋಧನಾ ಕೇಂದ್ರದವರು ಬಂದು, ಉಣ್ಣೆಯ ಮೂಲಕ ಹರಡುವ ಹೊಸ ವೈರಾಣುವನ್ನು ಕಂಡುಹಿಡಿದರು. 1990ರಿಂದ ಆ ರೋಗಕ್ಕೆ ಲಸಿಕೆ ಹಾಕುವ ಕೆಲಸ ನಡೆಯಿತು. ಲಸಿಕೆಯನ್ನು ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ ತಯಾರಿಸಿ ಮಲೆನಾಡಿಗೆ ಕಳಿಸುತ್ತಿದ್ದರು. ತಿಂಗಳ ಅಂತರದಲ್ಲಿ ಎರಡು ಡೋಸು, ಆರರಿಂದ ಒಂಬತ್ತು ತಿಂಗಳಿಗೆ ಬಲವರ್ಧಕ, ಆಮೇಲೆ ವರ್ಷಕ್ಕೊಂದು. ಹಾಕಿದ ಕಡೆ ಬಹಳ ನೋವು. ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆಯ ಓದುಗರಿಗೆ ಅದನ್ನು ನಾನು ವರ್ಣಿಸಬೇಕಾಗಿಲ್ಲ.

ಆ ಲಸಿಕೆಯ ಕಥೆಯನ್ನು ಬಲ್ಲವರಿಗೆ ಫ್ಲೂ ಲಸಿಕೆಯ ತೊಡಕುಗಳೂ ತಿಳಿಯುತ್ತವೆ. 2005ರಿಂದ 2010ರವರೆಗಿನ ಲೆಕ್ಕ ಪರಿಶೀಲಿಸಿದ ಅಧ್ಯಯನವೊಂದು, ಎರಡು ಡೋಸು ಮಾತ್ರ ಪಡೆದವರಲ್ಲಿ ನೂರಕ್ಕೆ 62ರಷ್ಟು, ಬಲವರ್ಧಕವನ್ನೂ ಪಡೆದವರಲ್ಲಿ ನೂರಕ್ಕೆ 83ರಷ್ಟು ರಕ್ಷಣೆ ಸಿಕ್ಕಿತೆಂದು ಹೇಳಿತು. ಆದರೆ ಬಲವರ್ಧಕದವರೆಗೆ ಬಂದವರು ಕಡಿಮೆ. ಮೊದಲ ಸೂಜಿಯ ನೋವಿಗೆ ಹೆದರಿ ಎರಡನೆಯದಕ್ಕೆ ತೋಟಕ್ಕೆ ಇಳಿದುಬಿಟ್ಟವರು ಎಷ್ಟೋ ಮಂದಿ. 2018ರ ಕೊನೆಗೆ ಸಾಗರ ತಾಲ್ಲೂಕಿನ ಅರಲಗೋಡಿನಲ್ಲಿ ಸಾವುಗಳಾದಾಗ ಲಸಿಕೆಗೆ ಬೇಡಿಕೆ ಏರಿತು. ಆದರೆ ಎರಡು ಡೋಸಿಗೆ ಒಂದು ತಿಂಗಳು ಬೇಕು, ರೋಗ ಅಲ್ಲಿಯವರೆಗೆ ಕಾಯುವುದಿಲ್ಲ. ಮುಂದೆ ಲಸಿಕೆಯ ಶಕ್ತಿಯೇ ಸಾಲದೆಂದು ಕಂಡುಬಂದು 2022ರಲ್ಲಿ ಅದನ್ನು ನಿಲ್ಲಿಸಿದರು. ಹೊಸ ಲಸಿಕೆಯನ್ನು ರೂಪಿಸುವ ಕೆಲಸವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೈಗೆತ್ತಿಕೊಂಡಿದೆ.

ಫ್ಲೂ ಲಸಿಕೆ ಮಂಗನ ಕಾಯಿಲೆಗೆ ಆಗುವುದಿಲ್ಲ. ಕೊರೋನಾ ಲಸಿಕೆ ಫ್ಲೂಗೆ ಆಗುವುದಿಲ್ಲ. ಇದನ್ನು ಬಿಡಿಸಿ ಹೇಳುವುದಕ್ಕೆ ಕಾರಣವಿದೆ: ಒಂದು ಸೂಜಿ ಹಾಕಿಸಿಕೊಂಡೆವು, ಎಲ್ಲಕ್ಕೂ ಆಯಿತೆಂದು ತಿಳಿದವರು ಪ್ರತಿ ಊರಿನಲ್ಲೂ ಇದ್ದಾರೆ.

ಡಬ್ಬಿ ಹೊತ್ತು ಬರುವವರು

ಈ ಎಲ್ಲ ಲಸಿಕೆಗಳೂ ನಮ್ಮ ತೋಳಿಗೆ ತಲುಪಿದ್ದು ಒಬ್ಬರ ಕೈಯಿಂದ. ಹಿಂದೆ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಎನ್ನುತ್ತಿದ್ದರು, ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂಬ ದೊಡ್ಡ ಹೆಸರು. ಆಸ್ಪತ್ರೆಯ ದಾದಿಗೆ ಶುಶ್ರೂಷಾಧಿಕಾರಿ ಎಂದು. ಜನ ಕರೆಯುವುದು ಮಾತ್ರ ನರ್ಸಮ್ಮ, ಸಿಸ್ಟರ್ ಎಂದೇ. ಸೂಜಿ ಚುಚ್ಚುವುದು ಅವರ ಕೆಲಸದಲ್ಲಿ ಅತಿ ಸಣ್ಣ ಭಾಗ. ಉಳಿದದ್ದು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಫ್ಲೂ ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಇಡಬೇಕು. ಬಿಸಿಯಾದರೂ ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ. ಕೆಟ್ಟದ್ದು ನೋಡಲು ಹಾಗೆಯೇ ಇರುತ್ತದೆ, ಚುಚ್ಚಿದರೆ ನೋವೂ ಅಷ್ಟೇ ಇರುತ್ತದೆ, ಗುಣ ಮಾತ್ರ ಇರುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲಸಿಕೆಗೆಂದೇ ಬೇರೆ ಶೀತಪೆಟ್ಟಿಗೆಯಿದೆ. ಅದರ ಶಾಖವನ್ನು ದಿನಕ್ಕೆ ಎರಡು ಸಲ, ಭಾನುವಾರ ಹಬ್ಬವೆನ್ನದೆ, ನೋಡಿ ಬರೆದಿಡುತ್ತಾರೆ. ಹಳ್ಳಿಗೆ ಹೊರಡುವಾಗ ಹಿಮದ ಪೊಟ್ಟಣಗಳನ್ನು ಹಾಗೆಯೇ ಡಬ್ಬಿಗೆ ಹಾಕುವುದಿಲ್ಲ. ಅವು ಸ್ವಲ್ಪ ಕರಗಿ, ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಕೇಳುವವರೆಗೆ ಹೊರಗಿಟ್ಟು ಕಾಯುತ್ತಾರೆ, ಲಸಿಕೆ ಹೆಪ್ಪುಗಟ್ಟಬಾರದೆಂದು. ಮಳೆಗಾಲದಲ್ಲಿ ಮರ ಬಿದ್ದು ಮೂರು ದಿನ ಕರೆಂಟಿಲ್ಲದ ನಮ್ಮ ಊರುಗಳಲ್ಲಿ ಇದನ್ನೆಲ್ಲ ಕಾಪಾಡಿಕೊಂಡು ಬರುವುದು ಎಷ್ಟು ಕಷ್ಟವೆಂದು ಅಡಿಕೆ ಒಣಗಿಸುವವರಿಗೆ ಬೇರೆ ಹೇಳಬೇಕೆ. ಆದ್ದರಿಂದ ಔಷಧದಂಗಡಿಯಿಂದ ಲಸಿಕೆ ತಂದು ಮನೆಯ ಫ್ರಿಜ್ಜಿನ ಬಾಗಿಲಿನಲ್ಲಿ ಹಾಲಿನ ಪೊಟ್ಟಣದ ಪಕ್ಕ ಇಟ್ಟು, ಬಿಡುವಾದಾಗ ಹಾಕಿಸಿಕೊಳ್ಳುತ್ತೇವೆಂಬ ಯೋಚನೆ ಬೇಡ.

ಹಾಕುವ ಮೊದಲು ದಾದಿ ಕೇಳುವ ಪ್ರಶ್ನೆಗಳಿಗೆ ಸರಿಯಾಗಿ ಉತ್ತರ ಕೊಡಬೇಕು. ಹಿಂದೆ ಯಾವುದಾದರೂ ಲಸಿಕೆಯಿಂದ ಉಸಿರು ಕಟ್ಟಿದ್ದುಂಟೆ, ಈಗ ಜೋರಾದ ಜ್ವರವಿದೆಯೆ, ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುತ್ತೀರಾ, ಎಂದೆಲ್ಲ ಅವರು ಕೇಳುವುದು ಕಾಡುಹರಟೆಗಲ್ಲ. ಮೇಲ್ದೋಳಿನ ಸ್ನಾಯುವಿಗೆ, ಭುಜದ ಕೀಲಿಗೆ ತಾಗದಂತೆ, ನೇರವಾಗಿ ಹಾಕುವುದಕ್ಕೆ ಕೈ ಪಳಗಿರಬೇಕು. ಕೊನೆ ಕೊಯ್ಯುವವರು, ಹಣ್ಣು ಕುಯ್ಯುವವರು ದುಡಿಯುವ ಕೈಯನ್ನು ಬಿಟ್ಟು ಇನ್ನೊಂದಕ್ಕೆ ಹಾಕಿರೆಂದು ಹೇಳಿದರೆ ಅವರು ಹಾಗೆಯೇ ಮಾಡುತ್ತಾರೆ. ಆಮೇಲೆ ಅರ್ಧ ಗಂಟೆ ಅಲ್ಲೇ ಕೂರಬೇಕು. ಲಕ್ಷಕ್ಕೊಬ್ಬರಿಗೂ ಕಡಿಮೆ ಜನಕ್ಕೆ ಬರುವ ತೀವ್ರ ಅಲರ್ಜಿ ಬಂದರೆ ಬರುವುದು ಆ ಹೊತ್ತಿನಲ್ಲೇ, ಅದಕ್ಕೆ ಅಡ್ರಿನಲಿನ್ ಸೂಜಿಯನ್ನು ಅವರು ಸಿದ್ಧವಾಗಿಟ್ಟುಕೊಂಡಿರುತ್ತಾರೆ. ಒಂಬತ್ತು ವರ್ಷದೊಳಗಿನ ಮಕ್ಕಳಿಗೆ ಮೊದಲ ವರ್ಷ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸು ಬೇಕಾಗುತ್ತದೆ. ಆರು ತಿಂಗಳೊಳಗಿನ ಕೂಸಿಗೆ ಈ ಲಸಿಕೆಯಿಲ್ಲ. ಅದಕ್ಕೆ ರಕ್ಷಣೆ ಬರುವುದು ತಾಯಿ ಬಸುರಿನಲ್ಲಿ ಹಾಕಿಸಿಕೊಂಡ ಸೂಜಿಯಿಂದ.

ಇವೆಲ್ಲಕ್ಕಿಂತ ದೊಡ್ಡ ಕೆಲಸ ಮಾತಿನದು. ಜನ ವೈದ್ಯರ ಮುಂದೆ ತಲೆಯಾಡಿಸಿ ಬರುತ್ತಾರೆ. ಅನುಮಾನ ಹೇಳಿಕೊಳ್ಳುವುದು ನರ್ಸಮ್ಮನ ಹತ್ತಿರ. ಆಕೆಗೆ ಯಾವ ಮನೆಯಲ್ಲಿ ಉಬ್ಬಸದ ಅತ್ತೆಯಿದ್ದಾರೆ, ಯಾವ ಮನೆಯ ಸೊಸೆಗೆ ಐದು ತಿಂಗಳು, ಯಾವ ಲೈನುಮನೆಗೆ ಹೊಸ ಆಳುಗಳು ಬಂದಿದ್ದಾರೆ, ಎಲ್ಲವೂ ಗೊತ್ತು. 2021ರ ಜನವರಿ 16ರಂದು ಆರಂಭವಾದ ಕೊರೋನಾ ಲಸಿಕೆ ಅದೇ ವರ್ಷದ ಅಕ್ಟೋಬರ್ 21ಕ್ಕೆ ದೇಶದಲ್ಲಿ ನೂರು ಕೋಟಿ ಡೋಸು ದಾಟಿದ್ದು ಇಂಥವರ ಕಾಲುನಡಿಗೆಯಿಂದ. ಸಂಕ ದಾಟಿ, ಜಿಗಣೆ ಕಿತ್ತುಕೊಂಡು, ಒಂಟಿ ಮನೆಗೆ ಡಬ್ಬಿ ಹೊತ್ತು ಹೋದವರನ್ನು ಮಲೆನಾಡು ಕಂಡಿದೆ.

ಆದರೆ ದಾದಿಯರೂ ಲಸಿಕೆಗೆ ಹಿಂದೇಟು ಹಾಕಿದ್ದುಂಟು. 2010ರಲ್ಲಿ ಎಚ್1ಎನ್1 ಲಸಿಕೆಯನ್ನು ಮೊದಲು ಆರೋಗ್ಯ ಸಿಬ್ಬಂದಿಗೆಂದು ತರಿಸಿದಾಗ ಬೇಡವೆಂದವರು ದೇಶದ ಎಲ್ಲ ಕಡೆ ಇದ್ದರು. ರೋಗಿಗಳ ನಡುವೆ ಓಡಾಡುವವರೇ ರೋಗ ಹೊತ್ತು ತಿರುಗುವ ಸಂಭವವಿರುವುದರಿಂದ, ಆರೋಗ್ಯ ಸಿಬ್ಬಂದಿ ಪ್ರತಿ ವರ್ಷ ಫ್ಲೂ ಲಸಿಕೆ ಹಾಕಿಸಿಕೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ನಮ್ಮ ಆರೋಗ್ಯ ಮಂತ್ರಾಲಯವೂ ಹೇಳುತ್ತವೆ. ನೀವು ಹಾಕಿಸಿಕೊಂಡಿರಾ ಎಂದು ದಾದಿಯನ್ನು ಕೇಳುವುದರಲ್ಲಿ ಅವಮರ್ಯಾದೆಯೇನೂ ಇಲ್ಲ. ಹೌದೆಂದು ತೋಳು ತೋರಿಸುವ ದಾದಿಯ ಒಂದು ಮಾತಿಗೆ ಗೋಡೆಯ ಮೇಲಿನ ಹತ್ತು ಭಿತ್ತಿಪತ್ರ ಸಮವಲ್ಲ.

ಸಂಘ ಏನು ಮಾಡಬಹುದು

ಕಷ್ಟ ಇರುವುದು ಹಣದಲ್ಲಿ. ಮಕ್ಕಳ ಪೋಲಿಯೋ, ದಡಾರ ಲಸಿಕೆಗಳಂತೆ ಫ್ಲೂ ಲಸಿಕೆ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದಲ್ಲಿ ಸೇರಿಲ್ಲ. ಸಾರ್ವಜನಿಕರು ಖಾಸಗಿಯಾಗಿ ಕೊಳ್ಳಬೇಕು, ಒಂದು ಡೋಸಿಗೆ ಸಾಮಾನ್ಯವಾಗಿ ಸಾವಿರ ರೂಪಾಯಿಯ ಮೇಲೆಯೇ. ಎರಡು ಎಕರೆಯವನಿಗೆ ಮನೆಯ ಆರು ಜನಕ್ಕೂ ಹಾಕಿಸುವುದು ಹಗುರದ ಮಾತಲ್ಲ. 1951ರ ತೋಟ ಕಾರ್ಮಿಕರ ಕಾಯಿದೆ ದೊಡ್ಡ ಎಸ್ಟೇಟುಗಳಿಗೆ ಆಸ್ಪತ್ರೆ, ಕಾಂಪೌಂಡರು, ದಾದಿ ಎಂದು ಒಂದು ವ್ಯವಸ್ಥೆ ತಂದಿತು. ಸಣ್ಣ ಹಿಡುವಳಿಯ ನಾವೂ ನಮ್ಮ ಆಳುಗಳೂ ಅದರ ಹೊರಗೇ ಉಳಿದೆವು. ಸಹಕಾರಿಗಳಿಗಾಗಿ 2003ರಲ್ಲಿ ಜಾರಿಗೆ ಬಂದು, 2018ರಲ್ಲಿ ಬೇರೆ ಯೋಜನೆಯಲ್ಲಿ ಕರಗಿ, 2022ರಲ್ಲಿ ಮರಳಿ ಬಂದ ಯಶಸ್ವಿನಿ ಇದೆ ನಿಜ. ಅದು ಆಸ್ಪತ್ರೆ ಸೇರಿದ ಮೇಲಿನ ಚಿಕಿತ್ಸೆಗೆ, ಮುಖ್ಯವಾಗಿ ಶಸ್ತ್ರಕ್ರಿಯೆಗೆ. ಆಸ್ಪತ್ರೆ ಸೇರದಂತೆ ಮಾಡುವ ಸೂಜಿಗೆ ಅಲ್ಲ.

ಮೈಲುತುತ್ತವನ್ನು ಸಂಘದ ಮೂಲಕ ಒಟ್ಟಿಗೆ ತರಿಸಿ ಹಂಚುವ ನಾವು ಲಸಿಕೆಯನ್ನೂ ಹಾಗೆ ತರಿಸಬಹುದು. ಮಾರ್ಚಿ ತಿಂಗಳಲ್ಲಿ ಸದಸ್ಯರ ಪಟ್ಟಿ ಹಿಡಿದು, ಯಾರ ಮನೆಯಲ್ಲಿ ಎಷ್ಟು ಜನಕ್ಕೆ ಬೇಕೆಂದು ಬರೆದುಕೊಂಡರೆ ಏಪ್ರಿಲಿನಲ್ಲಿ ಜಿಲ್ಲೆಯ ವಿತರಕರ ಹತ್ತಿರ ದರ ಮಾತಾಡಬಹುದು. ಹಣವನ್ನು ಅಡಿಕೆ ಬಾಬ್ತಿನಲ್ಲಿ ಮುರಿದುಕೊಳ್ಳುವ ಅನುಕೂಲ ಸಂಘಕ್ಕಿದೆ. ಆದರೆ ಲಸಿಕೆ ಸಂಘದ ಗೋದಾಮಿಗೆ ಬರಕೂಡದು. ವಿತರಕರ ಶೀತಪೆಟ್ಟಿಗೆಯಿಂದ ನೇರವಾಗಿ ಆಸ್ಪತ್ರೆಯ ಶೀತಪೆಟ್ಟಿಗೆಗೆ ಹೋಗಬೇಕು. ವೈದ್ಯಾಧಿಕಾರಿಗಳ ಒಪ್ಪಿಗೆ ಪಡೆದು, ನೋಂದಾಯಿತ ದಾದಿಯಿಂದ, ಗೊತ್ತಾದ ದಿನ ಗೊತ್ತಾದ ಜಾಗದಲ್ಲಿ ಹಾಕಿಸಬೇಕು. ಲಾರಿಯವನ ಕೈಯಲ್ಲಿ ಚೀಲದಲ್ಲಿ ಕಳಿಸಿಕೊಡುವ ಉಪಕಾರ ಯಾರೂ ಮಾಡಬಾರದು.

ಎಲ್ಲರಿಗೂ ಸಾಲದಿದ್ದರೆ ಮೊದಲು ಯಾರಿಗೆ ಎಂಬ ಪ್ರಶ್ನೆ ಬರುತ್ತದೆ. ಅರವತ್ತು ದಾಟಿದವರು, ಗರ್ಭಿಣಿಯರು, ಸಕ್ಕರೆ, ಉಬ್ಬಸ, ಹೃದಯದವರು ಮೊದಲೆಂಬುದರಲ್ಲಿ ವಿವಾದವಿಲ್ಲ. ನನ್ನ ಅಭಿಪ್ರಾಯದಲ್ಲಿ, ಇವರ ಜೊತೆಗೆ ನಮ್ಮ ಆರೋಗ್ಯ ಕೇಂದ್ರದ ದಾದಿಗೂ ಆಶಾ ಕಾರ್ಯಕರ್ತೆಗೂ ಬೇರೆ ಕಡೆಯಿಂದ ಲಸಿಕೆ ಸಿಗದಿದ್ದರೆ ಸಂಘವೇ ಹಾಕಿಸಿಕೊಡತಕ್ಕದ್ದು. ಆಗಸ್ಟಿನ ಮಳೆಯಲ್ಲಿ ಅವರಿಬ್ಬರು ಹಾಸಿಗೆ ಹಿಡಿದರೆ ಇಡೀ ಹೋಬಳಿಗೆ ದಿಕ್ಕಿಲ್ಲ.

ಆಳುಗಳ ವಿಷಯವನ್ನು ಕಡೆಗಣಿಸುವುದು ನಮ್ಮಲ್ಲಿ ರೂಢಿ. ಕುಯ್ಲಿಗೆ ಉತ್ತರ ಕರ್ನಾಟಕದಿಂದ, ಅಸ್ಸಾಮಿನಿಂದ ಬಂದವರು ಒಂದೇ ಕೋಣೆಯಲ್ಲಿ ಎಂಟು ಹತ್ತು ಮಂದಿ ಮಲಗುತ್ತಾರೆ. ಒಬ್ಬನಿಗೆ ಬಂದರೆ ವಾರದೊಳಗೆ ಎಲ್ಲರೂ ಮಲಗಿದರು, ಹಣ್ಣು ಗಿಡದಲ್ಲೇ ಒಣಗಿತು. ಲಸಿಕೆ ಹಾಕಿಸುವುದಾದರೆ ಖರ್ಚು ಮಾಲೀಕರದಾಗಬೇಕು, ಇಷ್ಟವಿಲ್ಲದವನಿಗೆ ಬಲವಂತ ಕೂಡದು, ಅವನಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು, ಸಂತೆಯ ದಿನ ಅಥವಾ ಕೆಲಸ ಬಿಟ್ಟ ಮೇಲೆ ನಡೆಸಬೇಕು. ಲಸಿಕೆ ಇರಲಿ ಇಲ್ಲದಿರಲಿ, ಜ್ವರ ಬಂದ ಆಳಿಗೆ ಮೂರು ನಾಲ್ಕು ದಿನ ಅರ್ಧ ಕೂಲಿಯಾದರೂ ಕೊಟ್ಟು ಮಲಗಲು ಬಿಡಿ. ಕೂಲಿ ಹೋಗುತ್ತದೆಂದು ಕೆಮ್ಮುತ್ತ ಸುಲಿತದ ಸಾಲಿನಲ್ಲಿ ಬಂದು ಕೂರುವವನು ಇಡೀ ಅಂಗಳಕ್ಕೆ ಜ್ವರ ಹಂಚುತ್ತಾನೆ.

ಕೊನೆಯದಾಗಿ ಜ್ವರದ ಗುರುತಿನ ಬಗ್ಗೆ. ಮಲೆನಾಡಿನಲ್ಲಿ ಎಲ್ಲ ಜ್ವರವೂ ಫ್ಲೂ ಅಲ್ಲ. ಕೆಮ್ಮು, ಗಂಟಲು ನೋವಿನೊಡನೆ ಮನೆಯಲ್ಲಿ ಒಬ್ಬರಾದ ಮೇಲೊಬ್ಬರು ಮಲಗಿದರೆ ಫ್ಲೂ ಎಂದು ಶಂಕಿಸಬಹುದು. ಡಿಸೆಂಬರಿನಿಂದ ಮೇ ನಡುವೆ, ಕಾಡಿಗೆ ಅಥವಾ ಕಾಡಂಚಿನ ತೋಟಕ್ಕೆ ಹೋಗಿ ಬಂದವರಿಗೆ ಒಮ್ಮೆಲೇ ಜೋರು ಜ್ವರ, ತಲೆ ಸಿಡಿತ, ವಿಪರೀತ ಮೈನೋವು ಬಂದರೆ ಮಂಗನ ಕಾಯಿಲೆಯ ರಕ್ತಪರೀಕ್ಷೆ ಆಗಲೇಬೇಕು. ಕಾಡಿಗೆ ಹೊರಡುವ ಮೊದಲು ಕೈಕಾಲಿಗೆ ಡೆಪಾ ಎಣ್ಣೆ ಹಚ್ಚಿಕೊಳ್ಳುವುದನ್ನು ಮರೆಯಬಾರದು. ಕೆಸರು ಗದ್ದೆಯಲ್ಲಿ ಕೆಲಸ ಮಾಡಿದವರ ಕಣ್ಣು ಕೆಂಪಾಗಿ, ಮೀನಖಂಡ ಹಿಂಡಿದಂತಾದರೆ ಇಲಿಜ್ವರವಿರಬಹುದು. ಡೆಂಗಿಯೂ ಇದೆ. ಇವನ್ನು ಮನೆಯಲ್ಲಿ ಕೂತು ಬಿಡಿಸಲಾಗದು. ಆದುದರಿಂದ ಉಸಿರಾಟ ಏರಿದರೆ, ತುಟಿ ನೀಲಿಯಾದರೆ, ಮಾತು ತೊದಲಿದರೆ, ಇಳಿದ ಜ್ವರ ಮತ್ತೆ ಏರಿದರೆ ಬೆಳಗಾಗಲೆಂದು ಕಾಯಬೇಡಿ. ಫ್ಲೂಗೆ ಕೊಡುವ ಒಸೆಲ್ಟಾಮಿವಿರ್ ಮಾತ್ರೆ ಹೆಚ್ಚು ಕೆಲಸ ಮಾಡುವುದು ಮೊದಲ 48 ಗಂಟೆಯೊಳಗೆ ಕೊಟ್ಟರೆ. ಅದನ್ನು ವೈದ್ಯರು ನೋಡಿಯೇ ಬರೆಯಬೇಕು. ಲಸಿಕೆ ಹಾಕಿಸಿಕೊಂಡವರು ದಿನಾಂಕ ಮತ್ತು ಲಸಿಕೆಯ ಹೆಸರು ಬರೆದ ಚೀಟಿಯನ್ನು ದಾದಿಯಿಂದ ಕೇಳಿ ಪಡೆದು, ಪಹಣಿ, ಪಾಸ್‌ಬುಕ್ಕು ಇಡುವ ಪೆಟ್ಟಿಗೆಯಲ್ಲೇ ಇಟ್ಟುಕೊಳ್ಳಿ. ಮುಂದಿನ ಏಪ್ರಿಲಿನಲ್ಲಿ ಸಂಘದ ಗುಮಾಸ್ತರು ಪಟ್ಟಿ ಬರೆಯಲು ಬಂದಾಗ ಅದನ್ನು ತೋರಿಸಿದರೆ ಸಾಕು.